ಕಾಯಿಸಿದ ಮೀನಿನ ಬಿಳಿ ಸೂಪು ಬಾಣಂತಿಗೆ ಎಷ್ಟು ಒಳ್ಳೆಯದು?

ಪ್ರಶ್ನೆ: ನಮ್ಮ ಮನೆ ಮಲ್ಪೆಯ ಹತ್ತಿರ. ಮಗಳಿಗೆ ಹೆರಿಗೆಯಾಗಿ 40 ದಿನ ಆಯಿತು, ಮಗುವಿಗೆ ಎದೆಹಾಲು ಮಾತ್ರ. ಸಿಂಗಾಪುರದಲ್ಲಿರುವ ನನ್ನ ತಂಗಿ ಒಂದು ಸೂಪು ಹೇಳಿಕೊಟ್ಟಿದ್ದಾಳೆ. ಮೀನನ್ನು ಮೊದಲು ಎಣ್ಣೆಯಲ್ಲಿ ಕಾಯಿಸಿ, ಅದೇ ಪಾತ್ರೆಗೆ ಬಿಸಿನೀರು ಹೊಯ್ದು ಜೋರಾಗಿ ಕುದಿಸಬೇಕು. ಹಾಲಿನಷ್ಟು ಬೆಳ್ಳಗಾಗುತ್ತದೆ. ಅದರಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇದೆ, ಎದೆಹಾಲು ಜಾಸ್ತಿಯಾಗುತ್ತದೆ ಎನ್ನುತ್ತಾಳೆ. ಮೂರು ವಾರದಿಂದ ದಿನಾ ಮಾಡುತ್ತಿದ್ದೇನೆ. ಮಗಳು ಸೂಪು ಕುಡಿದು ಮೀನು ಬಿಡುತ್ತಾಳೆ, ಸತ್ವವೆಲ್ಲ ನೀರಿಗೆ ಬಿಟ್ಟಿದೆಯಲ್ಲ ಅಂತ. ನಮ್ಮ ಮಾವನವರಿಗೂ ಒಂದು ಲೋಟ ಕೊಡುತ್ತೇನೆ, ಅವರಿಗೆ ಬಿಪಿ ಇದೆ, ಯೂರಿಕ್ ಆಸಿಡ್ ಕೂಡ ಇದೆ. ಕಾಯಿಸಿದರೆ ಮೀನಿನ ಸತ್ವ ಸಾಯುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಯಾವುದು ಸರಿ? ಇನ್ನೊಂದು ವಿಷಯ, ಉಳಿದ ಸೂಪನ್ನು ಫ್ರಿಜ್‌ನಲ್ಲಿಟ್ಟರೆ ಮರುದಿನ ಜೆಲ್ಲಿಯ ಹಾಗೆ ಗಟ್ಟಿಯಾಗುತ್ತದೆ. ಅದು ಹಾಳಾದದ್ದಾ?

ಉತ್ತರ:

ಅಕ್ಕಾ, ಮೊದಲು ಎರಡು ಮಾತು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಓದಿ. ಇವತ್ತಿನಿಂದ ಮಗಳು ಆ ಮೀನನ್ನು ತಿನ್ನಬೇಕು. ಇವತ್ತಿನಿಂದ ಮಾವನವರಿಗೆ ಆ ಸೂಪು ಬೇಡ.

ಸೂಪು ಕೆಟ್ಟದ್ದೇನೂ ಅಲ್ಲ. ನಿಮ್ಮ ತಂಗಿ ಹೇಳಿದ್ದು ಚೀನೀಯರ ಮನೆಗಳ ಹಳೆಯ ಅಡುಗೆ. ಅಲ್ಲಿ ಸಿಹಿನೀರಿನ ಒಂದು ಸಣ್ಣ ಮೀನನ್ನು, ನಮ್ಮ ರೋಹು, ಕಾಟ್ಲಾಗಳ ಬಳಗದ್ದು, ಶುಂಠಿ ಹಾಕಿ ಕಾಯಿಸಿ, ಕುದಿಯುವ ನೀರು ಹೊಯ್ದು, ಎಷ್ಟೋ ಸಲ ತೋಫು ಸೇರಿಸಿ ಬಾಣಂತಿಯರಿಗೆ ಕೊಡುತ್ತಾರೆ. ನಮ್ಮಲ್ಲಿ ಬಾಣಂತಿಗೆ ಒಳ್ಳೆಮೆಣಸು, ಬೆಳ್ಳುಳ್ಳಿ ಹಾಕಿ ಕಾಣೆ ಮೀನಿನ ತೆಳು ಸಾರು ಮಾಡುವುದಿಲ್ವಾ, ಅದೇ ಕಾಳಜಿ, ಅಡುಗೆ ಮಾತ್ರ ಬೇರೆ. ಬಿಸಿಬಿಸಿಯಾಗಿ, ಖಾರವಿಲ್ಲದೆ, ಸುಲಭವಾಗಿ ಒಳಗೆ ಹೋಗುವ ಊಟ. ಇದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಆದರೆ ಆ ಬಿಳಿ ಬಣ್ಣದ ಬಗ್ಗೆ ಇರುವ ನಂಬಿಕೆ ತಪ್ಪು. ಆ ನಂಬಿಕೆಯಿಂದಲೇ ನಿಮ್ಮ ಮಗಳು ಒಳ್ಳೆಯದನ್ನು ತಟ್ಟೆಯಲ್ಲಿ ಬಿಟ್ಟು ಏಳುತ್ತಿದ್ದಾಳೆ.

ಆ ಬಿಳುಪು ಎಲ್ಲಿಂದ ಬರುತ್ತದೆ ನೋಡಿ. ಮೀನು ಕಾಯುವಾಗ ಅದರ ಕೊಬ್ಬು ಸ್ವಲ್ಪ ಹೊರಗೆ ಬರುತ್ತದೆ, ನೀವು ಹಾಕಿದ ಎಣ್ಣೆಯೂ ಪಾತ್ರೆಯಲ್ಲೇ ಇದೆ. ಅದರ ಮೇಲೆ ಬಿಸಿನೀರು ಹೊಯ್ದು ಜೋರು ಉರಿಯಲ್ಲಿ ಕುದಿಸಿದಾಗ ಎಣ್ಣೆ ಸಣ್ಣಸಣ್ಣ ಹನಿಗಳಾಗಿ ಒಡೆಯುತ್ತದೆ. ಸುಮ್ನೆ ಬಿಟ್ಟರೆ ಆ ಹನಿಗಳು ಮತ್ತೆ ಒಂದಾಗಿ ಮೇಲೆ ತೇಲಬೇಕು, ಅಲ್ವಾ? ಆದರೆ ಅಷ್ಟರಲ್ಲಿ ಮೀನಿನ ಚರ್ಮ, ಮುಳ್ಳು, ತಲೆಯಿಂದ ಜೆಲಾಟಿನ್ ಎಂಬ ಅಂಟಿನಂಥ ಪ್ರೋಟೀನ್ ನೀರಿಗೆ ಬಿಟ್ಟಿರುತ್ತದೆ. ಅದು ಹನಿಗಳ ಸುತ್ತ ಸುತ್ತಿಕೊಂಡು ಒಂದಕ್ಕೊಂದು ಸೇರದಂತೆ ಹಿಡಿಯುತ್ತದೆ. ಲೆಕ್ಕವಿಲ್ಲದಷ್ಟು ಹನಿಗಳ ಮೇಲೆ ಬೆಳಕು ಬಿದ್ದು ಚದುರಿದಾಗ ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಹಸುವಿನ ಹಾಲು ಬಿಳಿ ಕಾಣುವುದಕ್ಕೂ ಅದರಲ್ಲಿ ಹರಡಿರುವ ಇಂಥ ಕೊಬ್ಬಿನ ಹನಿ ಮತ್ತು ಪ್ರೋಟೀನಿನ ಕಣಗಳೇ ಕಾರಣ. ಬಣ್ಣ ಒಂದೇ ಆಯಿತೆಂದು ಒಳಗಿರುವುದೂ ಒಂದೇ ಆಗುವುದಿಲ್ಲ. ಅದೇ ಮೀನನ್ನು ಕಾಯಿಸದೆ ಸಣ್ಣ ಉರಿಯಲ್ಲಿ ಬೇಯಿಸಿ ನೋಡಿ, ನೀರು ತಿಳಿಯಾಗಿಯೇ ಇರುತ್ತದೆ. ಮೀನು ಅದೇ, ಮುಳ್ಳು ಅದೇ, ಬಿಳಿ ಮಾತ್ರ ಇಲ್ಲ.

ಲೆಕ್ಕ ಹಾಕಿ ನೋಡೋಣ. ನಾಲ್ಕು ಲೋಟ ಸೂಪಿಗೆ ನೀವು ಎರಡು ದೊಡ್ಡ ಚಮಚ ಎಣ್ಣೆ ಹಾಕುತ್ತೀರಿ ಎಂದುಕೊಳ್ಳಿ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ, ಎರಡಕ್ಕೆ 240. ಅಂದರೆ ಒಂದು ಲೋಟಕ್ಕೆ 7 ಗ್ರಾಂನಷ್ಟು ಎಣ್ಣೆಯೇ ಹೋಯಿತು, ಮೀನಿನ ಕೊಬ್ಬು ಬೇರೆ. 200 ಮಿಲಿ ಟೋನ್ಡ್ ಹಾಲಿನಲ್ಲಿ ಕೊಬ್ಬು ಸುಮಾರು 6 ಗ್ರಾಂ. ಕೊಬ್ಬಿನಲ್ಲಿ ನಿಮ್ಮ ಸೂಪು ಹಾಲಿಗೆ ಸರಿಸಮ. ಆದರೆ ಅದೇ ಹಾಲಿನಲ್ಲಿ ಒಳ್ಳೆಯ ಪ್ರೋಟೀನ್ 6 ಗ್ರಾಂ ಇರುತ್ತದೆ, ಕ್ಯಾಲ್ಸಿಯಂ 240 ಮಿಲಿಗ್ರಾಂನ ಹತ್ತಿರ. ಸೂಪಿನ ಕ್ಯಾಲ್ಸಿಯಂ ಇದರ ಹತ್ತಿರಕ್ಕೂ ಬರುವುದಿಲ್ಲ. ಮುಳ್ಳಿನ ಕ್ಯಾಲ್ಸಿಯಂ ಅರ್ಧ ಗಂಟೆ ಕುದಿಸಿದರೆ ಕರಗಿ ಬರುವಂಥದ್ದಲ್ಲ. ಹುಳಿ ಹಾಕಿದರೆ ಸ್ವಲ್ಪ ಬರುತ್ತದೆ, ಅದೂ ಸ್ವಲ್ಪವೇ.

ಕಾವಲಿಯಲ್ಲಿ ಮೀನು ಕಾಯಿಸಿದರೆ ಉಳಿದ ಎಣ್ಣೆ ಕಾವಲಿಯಲ್ಲೇ ಉಳಿಯುತ್ತದೆ, ನಾವು ಮೀನನ್ನಷ್ಟೇ ತೆಗೆದು ತಿನ್ನುತ್ತೇವೆ. ಈ ಸೂಪಿನಲ್ಲಿ ಹಾಗಿಲ್ಲ. ಹಾಕಿದ ಎಣ್ಣೆಯ ಒಂದು ಹನಿಯೂ ಆಚೆ ಹೋಗುವುದಿಲ್ಲ, ಎಲ್ಲವೂ ಹೊಟ್ಟೆಗೇ. ಕಣ್ಣಿಗೆ ಎಣ್ಣೆ ಕಾಣುವುದೂ ಇಲ್ಲ, ಹಾಲಿನ ಹಾಗೆ ಕಾಣುತ್ತದೆ. ಹೆಚ್ಚು ಬೆಳ್ಳಗಾದಷ್ಟು ಹೆಚ್ಚು ಒಳ್ಳೆಯದು ಎಂದುಕೊಂಡು ಎಣ್ಣೆಯನ್ನೋ ಬೆಣ್ಣೆಯನ್ನೋ ಏರಿಸುತ್ತಾ ಹೋಗುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಹಾಗಾದರೆ ಸತ್ವ ಎಲ್ಲಿದೆ? ಬಹುಪಾಲು ಮೀನಿನಲ್ಲೇ ಇದೆ. ಹಸಿ ಮೀನಿನ 100 ಗ್ರಾಂ ಮಾಂಸದಲ್ಲಿ 18ರಿಂದ 20 ಗ್ರಾಂ ಪ್ರೋಟೀನ್ ಇರುತ್ತದೆ. ಬೆಂದಾಗ ಈ ಪ್ರೋಟೀನ್ ಗಟ್ಟಿಯಾಗಿ ಮಾಂಸದಲ್ಲೇ ಕೂರುತ್ತದೆ. ಮೊಟ್ಟೆ ಬೇಯಿಸಿದಾಗ ಗಟ್ಟಿಯಾಗುತ್ತದಲ್ಲ, ಹಾಗೆಯೇ. ನೀರಿಗೆ ಬರುವುದು ಸ್ವಲ್ಪ, ಅದರಲ್ಲೂ ಹೆಚ್ಚಿನದು ಜೆಲಾಟಿನ್. ಜೆಲಾಟಿನ್ ಒಂದು ಅರೆಬರೆ ಪ್ರೋಟೀನ್. ಟ್ರಿಪ್ಟೊಫ್ಯಾನ್ ಎಂಬ ಅಗತ್ಯದ ಅಂಶ ಅದರಲ್ಲಿ ಇಲ್ಲವೇ ಇಲ್ಲ. ಅದನ್ನೇ ನಂಬಿಕೊಂಡು ಮೈ ಕಟ್ಟಲಾಗದು.

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ 55 ಕೆಜಿ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ಹಾಲೂಡಿಸುವ ಮೊದಲ ಆರು ತಿಂಗಳು ಅದರ ಮೇಲೆ ಇನ್ನೂ 17 ಗ್ರಾಂ ಬೇಕು. ಅಂದರೆ ನಿಮ್ಮ ಮಗಳಿಗೆ ದಿನಕ್ಕೆ 63 ಗ್ರಾಂ. ತಟ್ಟೆಯಲ್ಲಿ ಬಿಟ್ಟ ಆ ಒಂದು ಮೀನಿನಲ್ಲಿ 15–20 ಗ್ರಾಂ ಇತ್ತು ಅಕ್ಕಾ. ನನ್ನ ಹತ್ತಿರ ಬರುವ ಎಷ್ಟೋ ಬಾಣಂತಿಯರು ಹೀಗೇ. ಸೂಪು, ಕಷಾಯ, ಗಂಜಿ ತಿಳಿ ಅಂತ ದಿನವಿಡೀ ಏನಾದರೂ ಕುಡಿಯುತ್ತಲೇ ಇರುತ್ತಾರೆ. ಆದರೂ ಕೂದಲು ಉದುರುತ್ತದೆ, ಬೆನ್ನು ನೋವು, ಮಧ್ಯಾಹ್ನದ ಹೊತ್ತಿಗೆ ಸುಸ್ತು. ಬಾಣಂತನದಲ್ಲಿ ಇದಕ್ಕೆಲ್ಲ ಬೇರೆ ಕಾರಣಗಳೂ ಇರುತ್ತವೆ, ನಿಜ. ಆದರೂ ಏನು ತಿಂದಿರಿ ಅಂತ ಕೇಳಿದಾಗ ಜಗಿದು ತಿಂದದ್ದು ಬಹಳ ಕಡಿಮೆ ಇರುತ್ತದೆ. ನನಗೆ ತುಂಬ ಬೇಸರವಾಗುತ್ತದೆ, ಯಾಕೆಂದರೆ ಆ ಮನೆಯಲ್ಲಿ ಮೀನಿಗೂ ಕೊರತೆ ಇರುವುದಿಲ್ಲ, ಪ್ರೀತಿಗೂ ಕೊರತೆ ಇರುವುದಿಲ್ಲ.

ಸೂಪಿನ ಪರವಾಗಿ ಹೇಳಬೇಕಾದದ್ದೂ ಇದೆ. ನೀರಿನಲ್ಲಿ ಕರಗುವ ಸತ್ವಗಳು, ಅಂದರೆ ಅಯೋಡಿನ್, ಪೊಟ್ಯಾಸಿಯಂ, ಬಿ ಗುಂಪಿನ ಕೆಲವು ವಿಟಮಿನ್‌ಗಳು, ಒಂದಷ್ಟು ನೀರಿಗೆ ಬರುತ್ತವೆ. ನೀರು ಚೆಲ್ಲದೆ ಕುಡಿಯುವುದರಿಂದ ಅವು ನಷ್ಟವಾಗುವುದಿಲ್ಲ. ಹಾಗಾಗಿ ಮೀನನ್ನೂ ತಿಂದು ಸೂಪನ್ನೂ ಕುಡಿದರೆ ಇದು ನಿಜವಾಗಿಯೂ ಒಳ್ಳೆಯ ಅಡುಗೆ. ಎರಡರಲ್ಲಿ ಒಂದೇ ಅಂದರೆ, ನಾನು ಮೀನನ್ನೇ ಆರಿಸುತ್ತೇನೆ.

ಎದೆಹಾಲಿನ ಮಾತಿಗೆ ಬರೋಣ. ಹಾಲು ಜಾಸ್ತಿಯಾಗುವುದು ಮಗು ಚೀಪುವುದರಿಂದ. ಮಗು ಎಷ್ಟು ಸಲ ಚೀಪಿ ಎದೆ ಖಾಲಿ ಮಾಡುತ್ತದೋ ಅಷ್ಟು ಹಾಲು ತಯಾರಾಗಬೇಕೆಂದು ತಾಯಿಯ ಮೈಗೆ ಗೊತ್ತಾಗುತ್ತದೆ. ಇಷ್ಟು ಚಿಕ್ಕ ಮಗುವಿಗೆ ದಿನಕ್ಕೆ 8ರಿಂದ 12 ಸಲ ಹಾಲೂಡಿಸಬೇಕು, ರಾತ್ರಿಯೂ ಸೇರಿ. ಯಾವ ಸೂಪೂ ಈ ಕೆಲಸ ಮಾಡಲಾರದು. ಹಾಲೂಡಿಸುವ ಮೊದಲು ಬಿಸಿ ಸೂಪು ಕುಡಿದರೆ ಬಾಯಾರಿಕೆ ತೀರುತ್ತದೆ, ಮೈಮನಸ್ಸು ಹಗುರವಾಗುತ್ತದೆ. ಅದಕ್ಕಾಗಿ ಖಂಡಿತ ಕೊಡಿ. ಮಗು ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯುತ್ತಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದರ್ಥ. ಇಲ್ಲವಾದರೆ ಸೂಪು ಹೆಚ್ಚಿಸುತ್ತಾ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.

ಹಾಲು ಎಷ್ಟು ಬರುತ್ತದೆ ಅನ್ನುವುದನ್ನು ಮೀನು ಹೆಚ್ಚು ಬದಲಿಸುವುದಿಲ್ಲ. ಆದರೆ ಹಾಲಿನಲ್ಲಿ ಏನಿರುತ್ತದೆ ಅನ್ನುವುದನ್ನು ಒಂದು ವಿಷಯದಲ್ಲಿ ಬದಲಿಸುತ್ತದೆ. ಮಗುವಿನ ಮೆದುಳಿಗೆ, ಕಣ್ಣಿಗೆ ಬೇಕಾದ ಡಿಎಚ್‌ಎ ಎಂಬ ಕೊಬ್ಬು ಇದೆ, ಒಮೆಗಾ-3 ಗುಂಪಿನದ್ದು. ತಾಯಿ ಅದನ್ನು ತಿಂದಷ್ಟೂ ಎದೆಹಾಲಿನಲ್ಲಿ ಅದು ಹೆಚ್ಚುತ್ತದೆ. ಹಾಲೂಡಿಸುವ ತಾಯಿಗೆ ದಿನಕ್ಕೆ ಕನಿಷ್ಠ 300 ಮಿಲಿಗ್ರಾಂ ಒಮೆಗಾ-3 (ಡಿಎಚ್‌ಎ ಮತ್ತು ಅದೇ ಗುಂಪಿನ ಇಪಿಎ ಎರಡೂ ಸೇರಿ), ಅದರಲ್ಲಿ 200 ಮಿಲಿಗ್ರಾಂ ಡಿಎಚ್‌ಎ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ, ಕೃಷಿ ಸಂಸ್ಥೆಯ (ಎಫ್‌ಎಒ) ತಜ್ಞರ ಸಲಹೆ. ಇದಕ್ಕೆ ನಮ್ಮ ಬೂತಾಯಿ (ಸಾರ್ಡೀನ್), ಬಂಗುಡೆಗಿಂತ (ಮ್ಯಾಕೆರೆಲ್) ಒಳ್ಳೆಯದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಳೆಗಾಲ ಮುಗಿದ ಮೇಲೆ ಬರುವ ಬೂತಾಯಿಯನ್ನು ಕಾವಲಿಗೆ ಹಾಕಿದರೆ ತನ್ನ ಎಣ್ಣೆಯಲ್ಲೇ ತಾನು ಕಾಯುತ್ತದೆ, ನಿಮಗೆ ಗೊತ್ತೇ ಇದೆ. ಹಿಂದೆ ಮರದ ದೋಣಿಗಳಿಗೆ ಬಳಿಯುತ್ತಿದ್ದುದು ಇದೇ ಬೂತಾಯಿಯ ಎಣ್ಣೆ. ಅಷ್ಟು ಎಣ್ಣೆ ಇರುವ ಮೀನು. ಸೀಸನ್ನಿನಲ್ಲಿ ಎರಡು ಮೂರು ಬೂತಾಯಿ ತಿಂದರೆ ಆ ದಿನದ 300 ಮಿಲಿಗ್ರಾಂ ದಾಟುತ್ತದೆ. ಕಾಣೆ, ನಂಗ್, ಕೊಡ್ಡೈ ಇವೆಲ್ಲ ಕೊಬ್ಬು ಕಡಿಮೆಯ ಮೀನುಗಳು. ಪ್ರೋಟೀನಿಗೆ ಒಳ್ಳೆಯವು, ಒಮೆಗಾ-3 ಮಾತ್ರ ಕಡಿಮೆ. ಬಿಳಿ ಸೂಪು ಚೆನ್ನಾಗಿ ಬರುವುದು ಇಂಥ ಬಿಳಿ ಮಾಂಸದ ಮೀನಿನಲ್ಲೇ. ಬಂಗುಡೆಯಲ್ಲಿ ನಾನು ಮಾಡಿ ನೋಡಿದ್ದೇನೆ, ಬೂದು ಬಣ್ಣಕ್ಕೆ ತಿರುಗಿ ವಾಸನೆಯೂ ಗಾಢವಾಯಿತು. ಅಂದರೆ ಸೂಪು ಬಿಳಿಯಾಗಬೇಕೆಂದು ದಿನಾ ಕಾಣೆಯನ್ನೇ ತರುತ್ತಿದ್ದರೆ, ಮಗುವಿಗೆ ನಿಜವಾಗಿ ಬೇಕಾದ್ದು ಬೂತಾಯಿಯ ಬುಟ್ಟಿಯಲ್ಲೇ ಉಳಿದುಬಿಡುತ್ತದೆ. ವಾರದಲ್ಲಿ ಎರಡು ಮೂರು ದಿನ ಬೂತಾಯಿಯೋ ಬಂಗುಡೆಯೋ ಇರಲಿ, ಪದಾರ್ಥ, ಅಂದರೆ ಮೀನು ಸಾರು, ಮಾಡಿ ಕೊಡಿ. ಬಾಣಂತಿಗೆ ಬಂಗುಡೆ ನಂಜು ಅನ್ನುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ತಾಜಾ ಇದ್ದು, ಅಲರ್ಜಿ ಇಲ್ಲದಿದ್ದರೆ ಅದರಿಂದ ತೊಂದರೆ ಇಲ್ಲ.

ತಾಟೆ ಮೀನಿನ ಬಗ್ಗೆ ನೀವು ಕೇಳಿಲ್ಲ, ಆದರೆ ಬಾಣಂತಿ ಇರುವ ಮನೆಯಲ್ಲಿ ಆ ಮಾತು ಬಂದೇ ಬರುತ್ತದೆ. ತಾಟೆ ಅಂದರೆ ಶಾರ್ಕ್. ಹಾಲು ಹೆಚ್ಚುತ್ತದೆ ಅಂತ ಹುಡುಕಿ ತರುತ್ತಾರೆ. ಬೇರೆ ಮೀನನ್ನು ತಿಂದು ಬದುಕುವ ದೊಡ್ಡ ಮೀನುಗಳ ಮೈಯಲ್ಲಿ ಪಾದರಸ ಸೇರುತ್ತಾ ಹೋಗುತ್ತದೆ, ಎದೆಹಾಲಿನಲ್ಲಿ ಮಗುವಿಗೂ ಸ್ವಲ್ಪ ಹೋಗುತ್ತದೆ. ಕಾಯಿಸಿದರೂ ಕುದಿಸಿದರೂ ಪಾದರಸ ಹೋಗುವುದಿಲ್ಲ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಗರ್ಭಿಣಿಯರಿಗೂ ಹಾಲೂಡಿಸುವವರಿಗೂ ಶಾರ್ಕ್ ಬೇಡವೇ ಬೇಡ ಎನ್ನುತ್ತದೆ. ನಾನೂ ಅದನ್ನೇ ಹೇಳುತ್ತೇನೆ. ದೊಡ್ಡ ಅಂಜಲ್ ಕೂಡ ಹೀಗೇ ಬೇಟೆಯಾಡುವ ಮೀನು, ಅಪರೂಪಕ್ಕೆ ಒಂದು ತುಂಡು ಸಾಕು. ಸಣ್ಣ ಮೀನಿಗೆ ಈ ಚಿಂತೆ ಬಹಳ ಕಡಿಮೆ.

ಕ್ಯಾಲ್ಸಿಯಂಗೆ ಏನು ಮಾಡಬೇಕು ಅನ್ನುತ್ತೀರಾ? ಹಾಲೂಡಿಸುವ ತಾಯಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕು. ಮುಳ್ಳು ಸಮೇತ ತಿನ್ನುವ ಸಣ್ಣ ಮೀನು, ಬೊಳೆಂಜಿರ್, ಕೊಲ್ಲತರು ಇಂಥವು, ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತವೆ. ಮುಳ್ಳನ್ನು ಕುದಿಸಿದರೆ ಸಾಲದು, ಜಗಿದು ನುಂಗಬೇಕು. ಜೊತೆಗೆ ಹಾಲು, ಮೊಸರು, ರಾಗಿ, ಎಳ್ಳು ಇರಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಡಾಕ್ಟರು ಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನು ಸೂಪು ಕುಡಿಯುತ್ತಿದ್ದೇನೆ ಎಂದು ನಿಲ್ಲಿಸಿದ್ದರೆ ಇವತ್ತೇ ಮತ್ತೆ ಶುರು ಮಾಡಿ. ತಾಯಿ ಕಡಿಮೆ ತಿಂದರೂ ಎದೆಹಾಲಿನಲ್ಲಿ ಕ್ಯಾಲ್ಸಿಯಂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮೈ ಅದನ್ನು ತಾಯಿಯ ಮೂಳೆಯಿಂದ ತೆಗೆದು ಕೊಡುತ್ತದೆ.

ಈಗ ನಿಮ್ಮ ಪಕ್ಕದ ಮನೆಯವರ ಮಾತು. ಕಾಯಿಸಿದರೆ ಸತ್ವ ಸಾಯುತ್ತದೆಯಾ? ಹೇಗೆ ಕಾಯಿಸುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಪ್ರೋಟೀನ್ ಎಲ್ಲಿಗೂ ಹೋಗುವುದಿಲ್ಲ. ಕಾವಲಿಯ ಮೇಲೆ ಸ್ವಲ್ಪ ಎಣ್ಣೆಯಲ್ಲಿ ನಾಲ್ಕೈದು ನಿಮಿಷ ಕಾಯಿಸಿದರೆ ಒಮೆಗಾ-3 ಕೂಡ ಬಹುಪಾಲು ಉಳಿಯುತ್ತದೆ. ಬಾಣಲೆ ತುಂಬ ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಒಂದು ಅದಲುಬದಲು ನಡೆಯುತ್ತದೆ. ಮೀನಿನ ಕೊಬ್ಬು ಸ್ವಲ್ಪ ಎಣ್ಣೆಗೆ ಇಳಿಯುತ್ತದೆ, ಬಾಣಲೆಯ ಎಣ್ಣೆ ಮೀನಿನೊಳಗೆ ಸೇರುತ್ತದೆ. ಒಳ್ಳೆಯ ಕೊಬ್ಬು ಕೊಟ್ಟು ಅಡುಗೆ ಎಣ್ಣೆ ತೆಗೆದುಕೊಂಡ ಹಾಗೆ. ಅಮೆರಿಕದಲ್ಲಿ 65 ದಾಟಿದ ಸುಮಾರು 3,900 ಜನರನ್ನು ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನ 2003ರಲ್ಲಿ ಬಂತು. ಕೆಂಡದಲ್ಲೋ ಓವನ್‌ನಲ್ಲೋ ಬೇಯಿಸಿದ ಮೀನು ತಿನ್ನುವವರಲ್ಲಿ ಹೃದಯದ ಕಾಯಿಲೆಯ ಸಾವು ಕಡಿಮೆ ಕಂಡಿತು. ಕರಿದ ಮೀನು ಮತ್ತು ಫಿಶ್ ಬರ್ಗರ್ ತಿನ್ನುವವರಲ್ಲಿ ಆ ಲಾಭ ಕಾಣಲಿಲ್ಲ. ಅಲ್ಲಿ ಕರಿಯುವುದು ಹೆಚ್ಚಾಗಿ ಕೊಬ್ಬಿಲ್ಲದ ಬಿಳಿ ಮೀನನ್ನು, ದಪ್ಪ ಹಿಟ್ಟಿನಲ್ಲಿ ಅದ್ದಿ. ಅದನ್ನು ಹಾಗೇ ತಂದು ನಮ್ಮ ಕಾವಲಿಯ ಬಂಗುಡೆಗೆ ಅಂಟಿಸಲು ಆಗುವುದಿಲ್ಲ. ಆದರೂ ದಿನಾ ಕರಿದದ್ದು ಬೇಡ ಅನ್ನುವುದಕ್ಕೆ ಅಷ್ಟು ಸಾಕು.

ನನಗೆ ಹೆಚ್ಚು ಚಿಂತೆ ಇರುವುದು ಮರುಬಳಸಿದ ಎಣ್ಣೆಯ ಬಗ್ಗೆ. ನಿನ್ನೆ ಮೀನು ಕಾಯಿಸಿ ಉಳಿದ ಎಣ್ಣೆಯನ್ನು ಗಿಂಡಿಯಲ್ಲಿ ಎತ್ತಿಟ್ಟು ಇವತ್ತು ಮತ್ತೆ ಅದರಲ್ಲೇ ಕಾಯಿಸುವುದು ನಮ್ಮ ಮನೆಗಳಲ್ಲಿ ಮಾಮೂಲು. ಎಣ್ಣೆ ಸುಮ್ನೆ ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ, ನನಗೂ ಅರ್ಥವಾಗುತ್ತದೆ. ಆದರೆ ಮತ್ತೆಮತ್ತೆ ಕಾದ ಎಣ್ಣೆ ಒಡೆದು ಅದರಲ್ಲಿ ಬೇಡದ ವಸ್ತುಗಳು ಹೆಚ್ಚುತ್ತವೆ. ಇವನ್ನು ಒಟ್ಟಾಗಿ ಅಳೆದು, 25 ಶೇಕಡಾ ದಾಟಿದ ಎಣ್ಣೆಯನ್ನು ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರ ಜುಲೈನಿಂದ ಹೋಟೆಲುಗಳಿಗೂ ಮಿತಿ ಹಾಕಿದೆ. ಮನೆಯಲ್ಲಿ ಅಳೆಯುವ ಉಪಕರಣ ಇಲ್ಲ. ಕಪ್ಪಾದರೆ, ನೊರೆ ಬಂದರೆ, ಅಂಟು ಅಂಟಾದರೆ ಚೆಲ್ಲಲೇಬೇಕು. ಈ ಸೂಪಿಗಂತೂ ಹಳೆಯ ಎಣ್ಣೆ ಒಂದು ಚಮಚವೂ ಬೇಡ, ಯಾಕೆಂದರೆ ಆಗಲೇ ಹೇಳಿದ ಹಾಗೆ ಎಲ್ಲವೂ ಹೊಟ್ಟೆಗೇ ಹೋಗುತ್ತದೆ. ನಿನ್ನೆಯ ಮಸಾಲೆ ಫ್ರೈ ಉಳಿದಿದೆ, ಅದಕ್ಕೇ ನೀರು ಹಾಕಿ ಕುದಿಸೋಣ ಅನ್ನುವುದೂ ಬೇಡ. ಅದು ಬಿಳಿಯೂ ಆಗುವುದಿಲ್ಲ, ಉಪ್ಪು ಖಾರ ಎರಡೂ ಜಾಸ್ತಿ.

ಮಾವನವರ ವಿಷಯ. ಪ್ಯೂರಿನ್ ಎಂಬುದು ಮೀನು, ಮಾಂಸಗಳಲ್ಲಿ ಇರುತ್ತದೆ. ಮೈಯಲ್ಲಿ ಅದು ಒಡೆದು ಯೂರಿಕ್ ಆಸಿಡ್ ಆಗುತ್ತದೆ. ಈ ಪ್ಯೂರಿನ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಕುದಿಸಿದಷ್ಟೂ ಮೀನಿನಿಂದ ಸೂಪಿಗೆ ಇಳಿಯುತ್ತಾ ಹೋಗುತ್ತದೆ. ಮಗಳ ವಿಷಯದಲ್ಲಿ ಸತ್ವ ಮೀನಿನಲ್ಲೇ ಉಳಿಯುತ್ತದೆ ಅಂದೆ, ಮಾವನವರಿಗೆ ಬೇಡದ ವಸ್ತು ಮಾತ್ರ ಸೂಪಿಗೆ ಬರುತ್ತದೆ. ಅವರಿಗೆ ನೀವು ಪ್ರೀತಿಯಿಂದ ಕೊಡುತ್ತಿರುವ ಲೋಟದಲ್ಲಿ ಅವರಿಗೆ ಆಗದ್ದೇ ಜಾಸ್ತಿ ಇದೆ. ಹೆಬ್ಬೆರಳಿನ ಬುಡ ಕೆಂಪಾಗಿ ಊದಿಕೊಂಡು, ರಾತ್ರಿ ಹೊದಿಕೆ ತಾಗಿದರೂ ನೋವಾಗುವ ಸಂಕಟ ಒಮ್ಮೆ ಬಂದಿದ್ದರೆ ಅವರಿಗೆ ಗೊತ್ತಿರುತ್ತದೆ ಅದೇನೆಂದು. ಬೂತಾಯಿ, ಕೊಲ್ಲತರು, ಬಂಗುಡೆ ಇವುಗಳಲ್ಲಿ ಪ್ಯೂರಿನ್ ಹೆಚ್ಚು, ಹಾಗಾಗಿ ಮಗಳಿಗೆ ನಾನು ಹೇಳಿದ ಮೀನುಗಳೂ ಅವರಿಗೆ ಸಲ್ಲುವುದಿಲ್ಲ. ಒಂದೇ ಮನೆ, ಒಂದೇ ಒಲೆ, ಆದರೂ ಇಬ್ಬರಿಗೂ ಬೇರೆ ಬೇರೆ ಬಡಿಸಬೇಕಾಗುತ್ತದೆ. ಅವರಿಗೆ ಮೀನು ಪೂರ್ತಿ ಬಿಡಿಸಬೇಕೆಂದಿಲ್ಲ. ನೋವು ಇಲ್ಲದ ದಿನಗಳಲ್ಲಿ, ವಾರಕ್ಕೆ ಒಂದೆರಡು ಸಲ, ಬಿಳಿ ಮೀನಿನ ಒಂದು ಸಣ್ಣ ತುಂಡು, ಸಾರು ಬಿಟ್ಟು. ಅವರ ಡಾಕ್ಟರಿಗೂ ಒಂದು ಮಾತು ಹೇಳಿ. ಮಾತ್ರೆ ತಾವಾಗಿಯೇ ನಿಲ್ಲಿಸಬಾರದು.

ಬಿಪಿಗೆ ಉಪ್ಪು. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದ ಒಳಗೆ ಇರಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೂಪಿನ ಒಂದು ಲೋಟದಲ್ಲೇ ಒಂದೂವರೆ ಗ್ರಾಂ ಹೋಗಿಬಿಡುವುದು ಸುಲಭ. ಗಂಜಿಯ ಜೊತೆ ಒಣಮೀನಿನ ಚಟ್ನಿ, ಮಾವಿನ ಮಿಡಿ ಉಪ್ಪಿನಕಾಯಿ ಇದ್ದರೆ ಉಳಿದ ಲೆಕ್ಕ ನೀವೇ ಹಾಕಿಕೊಳ್ಳಿ.

ಮೀನು ತಾಜಾ ಇರಬೇಕು ಅನ್ನುವುದನ್ನು ಮಲ್ಪೆಯವರಿಗೆ ನಾನು ಹೇಳಬೇಕಾಗಿಲ್ಲ, ಬಂದರಿನ ಹತ್ತಿರವೇ ಇದ್ದೀರಿ. ಆದರೂ ಒಂದು ವಿಷಯ ಹೇಳುತ್ತೇನೆ, ಇದು ಕಾಯಿಸುವುದಕ್ಕೆ ಸಂಬಂಧಿಸಿದ್ದು. ಸ್ವಲ್ಪ ಹಳತಾದ ಮೀನು ಬಂದರೆ ಪದಾರ್ಥಕ್ಕೆ ಆಗುವುದಿಲ್ಲ, ಕಾಯಿಸಿಬಿಡೋಣ ಅನ್ನುತ್ತೇವೆ. ಕಾಯಿಸಿದರೆ ವಾಸನೆ ಮುಚ್ಚಿಹೋಗುತ್ತದೆ ನಿಜ. ಆದರೆ ಬಂಗುಡೆ, ಬೂತಾಯಿ, ಕೇದರ (ಟ್ಯೂನಾ) ಇಂಥ ಮೀನುಗಳು ಐಸ್ ಇಲ್ಲದೆ ಬಿಸಿಲಿನಲ್ಲಿ ಉಳಿದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಅದು ಬೆಂಕಿಗೆ ಬಗ್ಗುವುದಿಲ್ಲ. ಕಾಯಿಸಿ, ಮೇಲೆ ಅರ್ಧ ಗಂಟೆ ಕುದಿಸಿದರೂ ಹಾಗೇ ಇರುತ್ತದೆ. ತಿಂದ ಸ್ವಲ್ಪ ಹೊತ್ತಿನಲ್ಲಿ ಮುಖ ಕೆಂಪಾಗುವುದು, ಬಾಯಿ ಉರಿ, ತಲೆನೋವು, ಮೈ ತುರಿಕೆ ಬರುತ್ತದೆ. ಎಷ್ಟೋ ಜನ ಇದನ್ನು ಮೀನಿನ ಅಲರ್ಜಿ ಎಂದುಕೊಂಡು ಮೀನನ್ನೇ ಬಿಟ್ಟಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ ಇರುವಾಗ ಹೊರಗಿನಿಂದ ಬರುವ ಐಸ್ ಮೀನಿನ ಮೇಲೆ ಹೆಚ್ಚು ನಿಗಾ ಇರಲಿ. ಕಣ್ಣು ಗುಳಿ ಬಿದ್ದಿದ್ದರೆ, ಕಿವಿರು ಕಂದಿದ್ದರೆ, ಒತ್ತಿದ ಗುರುತು ಹಾಗೇ ಉಳಿದರೆ ಬಾಣಂತಿಗೆ ಬೇಡ. ಆ ದಿನ ಮೊಟ್ಟೆ ಕೊಡಿ.

ಇನ್ನು ಸೂಪನ್ನೇ ಚೆನ್ನಾಗಿ ಮಾಡುವುದು ಹೇಗೆ. ನಾನು ಮಾಡುವ ಕ್ರಮ ಹೇಳುತ್ತೇನೆ. ಅರ್ಧ ಕೆಜಿ ಕಾಣೆ ಅಥವಾ ಕೊಡ್ಡೈ ಕ್ಲೀನ್ ಮಾಡಿ ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು, ನೀರಿನ ಪಸೆ ಇದ್ದರೆ ತಳ ಹಿಡಿಯುತ್ತದೆ, ಎಣ್ಣೆಯೂ ಹಾರುತ್ತದೆ. ತಲೆ ಬಿಸಾಡಬೇಡಿ. ದಪ್ಪ ತಳದ ಪಾತ್ರೆಯಲ್ಲಿ ಎರಡು ಟೀ ಚಮಚ ಎಣ್ಣೆ, ನಾಲ್ಕು ಬಿಲ್ಲೆ ಶುಂಠಿ. ರವೆ ಬೇಡ, ಮೆಣಸಿನ ಮಸಾಲೆ ಬೇಡ. ಮೀನಿನ ಎರಡೂ ಬದಿ ತಿಳಿ ಕಂದು ಬಣ್ಣ ಬರುವಷ್ಟು ಕಾಯಿಸಿ. ಕಪ್ಪಾಗಬಾರದು, ಕಪ್ಪಾದ ಚೂರು ಇದ್ದರೆ ತೆಗೆದುಬಿಡಿ. ಅದಕ್ಕೆ ಚೆನ್ನಾಗಿ ಕುದಿಯುತ್ತಿರುವ ನೀರು ಒಂದು ಲೀಟರ್ ಹೊಯ್ದು ಜೋರು ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ. ಇಷ್ಟೇ ಎಣ್ಣೆಯಲ್ಲೂ ಸಾಕಷ್ಟು ಬಿಳಿಯಾಗುತ್ತದೆ. ಆಮೇಲೆ ಮಾಂಸದ ತುಂಡುಗಳನ್ನು ತೆಗೆದಿಟ್ಟು, ತಲೆ ಮುಳ್ಳನ್ನು ಮಾತ್ರ ಇನ್ನು ಹತ್ತು ನಿಮಿಷ ಕುದಿಸಿ ಸೋಸಿ. ಮೀನು ಒಣಗಿ ನಾರಾಗುವುದಿಲ್ಲ, ಮಗಳಿಗೆ ತಿನ್ನಲೂ ಮನಸ್ಸು ಬರುತ್ತದೆ. ಅವಳು ಮೀನು ಬಿಡುವುದಕ್ಕೆ ಅದು ಕುದಿದು ಕುದಿದು ರುಚಿ ಕಳೆದುಕೊಂಡದ್ದೂ ಒಂದು ಕಾರಣ ಇರಬಹುದು. ಸೋಸಿದ ಸೂಪಿಗೆ ಮೀನನ್ನು ಮತ್ತೆ ಹಾಕಿ, ಕೊನೆಯಲ್ಲಿ ಸ್ವಲ್ಪವೇ ಉಪ್ಪು, ಒಳ್ಳೆಮೆಣಸಿನ ಹುಡಿ. ಒಂದು ಹಿಡಿ ನುಗ್ಗೆಸೊಪ್ಪೋ ಬಸಳೆಯೋ ಹಾಕಿದರೆ ಇನ್ನೂ ಒಳ್ಳೆಯದು, ಬಿಳಿ ಬಣ್ಣ ಹೋದರೆ ಹೋಗಲಿ. ಸೋಸುವುದನ್ನು ಮಾತ್ರ ಮರೆಯಬೇಡಿ, ಜೋರಾಗಿ ಕುದಿದಾಗ ಕೂದಲಿನಂಥ ಮುಳ್ಳುಗಳು ಬಿಟ್ಟುಕೊಂಡಿರುತ್ತವೆ. ಇದರ ಜೊತೆ ಕುಚ್ಚಲಕ್ಕಿ ಅನ್ನ, ಒಂದು ಪಲ್ಯ. ಮೊದಲ ಆರು ತಿಂಗಳು ಅವಳಿಗೆ ದಿನಕ್ಕೆ 600 ಕ್ಯಾಲೊರಿ ಜಾಸ್ತಿ ಬೇಕು, ಅದು ಊಟದಿಂದ ಬರಲಿ.

ದಿನಾ ಬೇಡ ಅಕ್ಕಾ. ವಾರಕ್ಕೆ ಎರಡು ಸಲ ಸೂಪು, ಎರಡು ಮೂರು ಸಲ ಬೂತಾಯಿ ಬಂಗುಡೆಯ ಪದಾರ್ಥ, ಉಳಿದ ದಿನ ಮೊಟ್ಟೆ, ಹೆಸರುಬೇಳೆ, ಹುರುಳಿ. ಮಗಳಿಗೂ ಬೇಸರ ಬರುವುದಿಲ್ಲ.

ಕೊನೆಗೆ ಫ್ರಿಜ್‌ನ ಜೆಲ್ಲಿ. ಅದು ಹಾಳಾದದ್ದಲ್ಲ, ಗಾಬರಿ ಬೇಡ. ಆಗ ಹೇಳಿದ ಜೆಲಾಟಿನ್ ತಣ್ಣಗಾದಾಗ ಹೀಗೆ ಗಟ್ಟಿಯಾಗುತ್ತದೆ, ಬಿಸಿ ಮಾಡಿದರೆ ಮತ್ತೆ ನೀರಾಗುತ್ತದೆ. ಜೆಲ್ಲಿಯ ಮೇಲೆ ಒಂದು ಪದರ ಕೂತಿರುತ್ತದೆ ನೋಡಿ, ತೆಂಗಿನೆಣ್ಣೆಯಲ್ಲಿ ಮಾಡಿದ್ದರೆ ಬೆಳ್ಳಗೆ ಗಟ್ಟಿಯಾಗಿಯೇ ಇರುತ್ತದೆ. ಅದು ನೀವು ಹಾಕಿದ ಎಣ್ಣೆ. ಚಮಚದಲ್ಲಿ ಅದನ್ನು ಕೆರೆದು ತೆಗೆದು, ಆ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ಚೆನ್ನಾಗಿ ಕುದಿಸಿ ಕೊಡಿ. ಮಾಡಿದ ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಿರಬೇಕು, ಎರಡು ದಿನದೊಳಗೆ ಮುಗಿದಿರಬೇಕು. ಹುಳಿ ವಾಸನೆ ಬಂದರೆ, ಲೋಳೆ ಕಟ್ಟಿದರೆ ಚೆಲ್ಲಿ. ಮೀನಿನ ತುಂಡುಗಳನ್ನು ಮಾತ್ರ ಮರುದಿನಕ್ಕೆ ಉಳಿಸಬೇಡಿ, ಅವತ್ತೇ ಮಗಳ ತಟ್ಟೆಗೆ ಹಾಕಿ.